ರೈಲಿಗೊಂದು ಡಬ್ಬ, ಪಾಯಿಂಟಿಗೊಂದು ಡಬ್ಬ

ಮಾಳಿಗೆಯಲ್ಲಿ ನನ್ನ ಮಾಡೆಲ್ ರೈಲು ನೋಡ್ಲಿಕ್ಕೆ ಬರುವವರು ಮೊದಲು ಇಂಜಿನ್ ನೋಡ್ತಾರೆ, ಆಮೇಲೆ ಬಗ್ಗಿ ಮೇಜಿನ ಅಡಿ ನೋಡ್ತಾರೆ, ಅಲ್ಲಿ ಎರಡು ಕಂಟ್ರೋಲರ್, ಎರಡು ಪವರ್ ಸಪ್ಲೈ, ನಾಲ್ಕು ಬಣ್ಣದ ವಯರ್ ಕಂಡ ಕೂಡ್ಲೆ ಕೇಳುದು ಒಂದೇ ಪ್ರಶ್ನೆ. "ಡಿಜಿಟಲ್ ಆದ್ರೆ ಎರಡೇ ವಯರಲ್ಲಿ ಎಲ್ಲ ಆಗ್ತದೆ ಅಂತ ನೀವೇ ಹೇಳಿದ್ದಲ್ವಾ, ಇದೆಂತ ಮತ್ತೆ ಇಷ್ಟು?" ಆಗ್ತದೆ, ಎರಡೇ ವಯರಲ್ಲಿ ಎಲ್ಲವೂ ಆಗ್ತದೆ. ಆದ್ರೆ ನಾನು ಬೇಕಂತಲೇ ಹಾಗೆ ಮಾಡ್ಲಿಲ್ಲ. ರೈಲು ಓಡಿಸ್ಲಿಕ್ಕೆ ಒಂದು ಡಿಜಿಟಲ್ ಕಂಟ್ರೋಲರ್, ಪಾಯಿಂಟ್ (ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ಹಾಯಿಸುವ ಕವಲು) ತಿರುಗಿಸ್ಲಿಕ್ಕೆ ಲೈಟು ಹಾಕ್ಲಿಕ್ಕೆ ಗೇಟು ಇಳಿಸ್ಲಿಕ್ಕೆ ಎಲ್ಲ ಬೇರೆಯೇ ಒಂದು. ಯಾಕೆ ಅಂತ ಪ್ರತಿಯೊಬ್ಬರಿಗೂ ಮೊದಲಿಂದ ಹೇಳಿ ಸಾಕಾಯ್ತು, ಹಾಗಾಗಿ ಒಮ್ಮೆ ಬರೆದೇ ಬಿಡುವ ಅಂತ.

ಡಿಸಿಸಿ ಅನ್ನುವ ಈ ಡಿಜಿಟಲ್ ಪದ್ಧತಿ ಗೊತ್ತಿದ್ದವರು ಈ ಪ್ಯಾರಾ ಬಿಟ್ಟು ಮುಂದೆ ಹೋಗಿ. ಹಳೇ ಕಾಲದ ಮಾಡೆಲ್ ರೈಲಲ್ಲಿ ಹಳಿಗೆ ಕೊಡುವ ವೋಲ್ಟೇಜ್ ಜಾಸ್ತಿ ಮಾಡಿದ್ರೆ ಸ್ಪೀಡು, ಕಮ್ಮಿ ಮಾಡಿದ್ರೆ ನಿಧಾನ, ಪ್ಲಸ್ ಮೈನಸ್ ಅದಲು ಬದಲು ಮಾಡಿದ್ರೆ ರಿವರ್ಸ್, ಅಷ್ಟೇ, ಹಾಗಾಗಿ ಒಂದೇ ಹಳಿಯಲ್ಲಿ ಎರಡು ಇಂಜಿನ್ ಇಟ್ರೆ ಎರಡೂ ಒಟ್ಟಿಗೇ ಹೊರಟು ಬಿಡ್ತವೆ. ಡಿಜಿಟಲ್ ಕಮಾಂಡ್ ಕಂಟ್ರೋಲ್ ಅಂದ್ರೆ ಡಿಸಿಸಿಯಲ್ಲಿ ಹಳಿಗೆ ಯಾವಾಗ್ಲೂ ಪೂರ್ತಿ ವೋಲ್ಟೇಜ್, ಎಚ್‌ಓ ಸೈಜಿಗೆ (ನಿಜದ ರೈಲಿನ 87ರಲ್ಲಿ ಒಂದು ಪಾಲು) ಸಾಧಾರಣ 14ರಿಂದ 16 ವೋಲ್ಟ್, ಅದಕ್ಕಿಂತ ಸಣ್ಣ ಎನ್ ಸೈಜಿಗೆ 12ರ ಹತ್ರ. ಆ ಕರೆಂಟೇ ಆಚೆ ಈಚೆ ದಿಕ್ಕು ಬದಲಿಸ್ತಾ ಇರ್ತದೆ, ಅರ್ಧ ಸುತ್ತಿಗೆ 58 ಮೈಕ್ರೋಸೆಕೆಂಡ್ ತಗೊಂಡ್ರೆ ಅದು ಒಂದು ಅಂತ ಲೆಕ್ಕ, 100 ಅಥವಾ ಅದಕ್ಕಿಂತ ಜಾಸ್ತಿ ಆದ್ರೆ ಸೊನ್ನೆ. ಈ ಒಂದು ಮತ್ತು ಸೊನ್ನೆಗಳನ್ನು ಸೇರಿಸಿ ಒಂದು ಸಣ್ಣ ಮೆಸೇಜ್ ಆಗ್ತದೆ, ಇಂತಿಂಥ ನಂಬರಿನ ಇಂಜಿನ್ ಇಷ್ಟು ಸ್ಪೀಡಲ್ಲಿ ಮುಂದೆ ಹೋಗು ಅಂತ, ಪ್ರತಿ ಇಂಜಿನ್ನಿನ ಹೊಟ್ಟೆಯಲ್ಲಿ ಇರುವ ಡಿಕೋಡರ್ ಎಲ್ಲ ಮೆಸೇಜನ್ನೂ ಕೇಳ್ತದೆ, ತನ್ನ ನಂಬರ್ ಬಂದ್ರೆ ಮಾತ್ರ ಪಾಲಿಸ್ತದೆ. 1980ರ ದಶಕದ ಕೊನೆಗೆ ಜರ್ಮನಿಯ ಲೆಂಝ್ ಕಂಪೆನಿ ಮಾಡಿದ ಪದ್ಧತಿ ಇದಕ್ಕೆ ಮೂಲ, ಅದನ್ನು 1990ರ ದಶಕದಲ್ಲಿ ಅಮೆರಿಕದ ನ್ಯಾಶನಲ್ ಮಾಡೆಲ್ ರೈಲ್‌ರೋಡ್ ಅಸೋಸಿಯೇಶನ್‌ನವರು ಸ್ಟ್ಯಾಂಡರ್ಡ್ ಮಾಡಿದ್ರು. ಹಾಗಾಗಿ ಒಂದು ಕಂಪೆನಿಯ ಕಂಟ್ರೋಲರಲ್ಲಿ ಇನ್ನೊಂದು ಕಂಪೆನಿಯ ಇಂಜಿನ್ ಧಾರಾಳ ಓಡ್ತದೆ.

ಪಾಯಿಂಟಿಗೂ ಹೀಗೆಯೇ ಮೆಸೇಜ್ ಕಳಿಸ್ಬಹುದು. ಅದಕ್ಕೆ ಬೇರೆ ಜಾತಿಯ ಡಿಕೋಡರ್, ಆಕ್ಸೆಸರಿ ಡಿಕೋಡರ್ ಅಂತ (ಇಂಜಿನ್ ಬಿಟ್ಟು ಪಾಯಿಂಟ್ ಲೈಟು ಗೇಟು ಇಂಥದ್ದಕ್ಕೆಲ್ಲ ಆಕ್ಸೆಸರಿ ಅಂತ ಹೆಸರು), ಎರಡು ಸಾವಿರದ ಮೇಲೆ ನಂಬರ್ ಉಂಟು ಅದಕ್ಕೆ, ಮತ್ತೆ ಮೆಸೇಜಿನ ಬಗೆಯೇ ಬೇರೆ ಆದ ಕಾರಣ 3 ನಂಬರಿನ ಇಂಜಿನ್ನೂ 3 ನಂಬರಿನ ಪಾಯಿಂಟೂ ಒಂದಕ್ಕೊಂದು ಅಡ್ಡ ಬರುದಿಲ್ಲ. ಹಳಿಗೆ ಹೋಗುವ ಅದೇ ಎರಡು ವಯರಿಗೆ ಈ ಡಿಕೋಡರನ್ನೂ ಜೋಡಿಸಿದ್ರೆ ಕೆಲಸ ಮುಗೀತು, ಪುಸ್ತಕದ ಪ್ರಕಾರ.

ಈಗ ನನ್ನ ಮೇಜಿಗೆ ಬನ್ನಿ. ನಾನು ಮಾಡಿದ್ದು ಕಾಸರಗೋಡಿನ ಹತ್ರದ ಕುಂಬಳೆ ಸ್ಟೇಶನ್, ಅಂದ್ರೆ ಡಬ್ಲಿಂಗ್ ಆಗುವ ಮೊದಲು ಒಂದೇ ಹಳಿ ಇದ್ದ ಕಾಲದ್ದು ಅಂತ ನಾನೇ ಕಲ್ಪಿಸಿಕೊಂಡದ್ದು, ಒಂದು ಮೈನ್, ಗಾಡಿ ಬದಿಗೆ ನಿಲ್ಲಿಸ್ಲಿಕ್ಕೆ ಒಂದು ಲೂಪ್, ಒಂದು ಗೂಡ್ಸ್ ಸೈಡಿಂಗ್, ಆಚೆಗೆ ಕಳನಾಡಿನ ಸುರಂಗದ ಹಾಗೆ ಒಂದು ಗುಡ್ಡ. (ಗೇಜಿನ ವಿಷಯ ಎತ್ತಬೇಡಿ. ನಮ್ಮ ಬ್ರಾಡ್‌ಗೇಜ್ 1676 ಮಿಲಿಮೀಟರ್, 87ರಿಂದ ಭಾಗಿಸಿದ್ರೆ 19 ಮಿಲಿಮೀಟರ್ ಚಿಲ್ಲರೆ ಬರ್ಬೇಕು, ಪೇಟೆಯಲ್ಲಿ ಸಿಗುವ ಎಚ್‌ಓ ಹಳಿ 16.5. ಕುಂಬಳೆ ಅಂತ ಕನ್ನಡದಲ್ಲಿ ಬೋರ್ಡ್ ಬರೆದು ಅದರ ಎದುರು ಜರ್ಮನ್ ಇಂಜಿನ್ ಓಡಿಸುವವನಿಗೆ ಅಷ್ಟೆಲ್ಲ ನಾಚಿಕೆ ಇಲ್ಲ.) ಪಾಯಿಂಟ್‌ಗಳೆಲ್ಲ ಕರೆಂಟು ಹರಿಯುವ ಫ್ರಾಗಿನವು. ಎರಡು ಹಳಿ ಒಂದಕ್ಕೊಂದು ಅಡ್ಡ ಹಾಯುವ ಆ ಮೂತಿಯ ಜಾಗಕ್ಕೆ ಫ್ರಾಗ್ ಅಂತ ಹೆಸರು. ಪಾಯಿಂಟ್ ಯಾವ ಕಡೆಗೆ ತಿರುಗಿದೆಯೋ ಅದಕ್ಕೆ ಸರಿಯಾದ ಪೊಲಾರಿಟಿ, ಅಂದ್ರೆ ಪ್ಲಸ್ ಮೈನಸ್, ಅಲ್ಲಿಗೆ ಬರ್ತದೆ. ಇಂಜಿನ್ ಅಲ್ಲಿ ತಡವರಿಸದೆ ಓಡ್ತದೆ, ಅದು ಇದರ ಲಾಭ.

ಓಣಂ ರಜೆಯಲ್ಲಿ ಅಕ್ಕನ ಮಕ್ಕಳು ಬಂದ್ರೆ ಆಗುದು ಹೇಗೆ ಅಂದ್ರೆ, ದೊಡ್ಡವನು ಲೂಪಲ್ಲಿ ನಿಂತ ಗಾಡಿ ಹೊರಡಿಸ್ತಾನೆ, ಪಾಯಿಂಟ್ ಇನ್ನೂ ಮೈನಿಗೇ ಸೆಟ್ ಆಗಿ ಉಂಟು. ಇಂಜಿನ್ನಿನ ಮುಂದಿನ ಚಕ್ರ ಫ್ರಾಗ್ ಮುಟ್ಟಿದ ಕೂಡ್ಲೆ ಅಲ್ಲಿನ ಪೊಲಾರಿಟಿ ವಿರುದ್ಧ, ಟಕ್ ಅಂತ ಶಾರ್ಟ್, ಬೂಸ್ಟರ್ (ಕಂಟ್ರೋಲರಲ್ಲಿ ಹಳಿಗೆ ಕರೆಂಟು ಕೊಡುವ ಭಾಗ) ಕಣ್ಣು ಮುಚ್ಚಿ ಬಿಡುವುದರೊಳಗೆ ಕರೆಂಟು ಕಡಿದು ಹಾಕ್ತದೆ. ಹಾಕ್ಬೇಕು ಕೂಡ, ಇಲ್ಲದಿದ್ರೆ ಚಕ್ರ ಸುಟ್ಟು ಹೋಗ್ತದೆ. ಆ ಗಾಡಿ ಮಾತ್ರ ಅಲ್ಲ, ಗುಡ್ಡದ ಆಚೆ ಓಡ್ತಾ ಇದ್ದ ಇನ್ನೊಂದು ಗಾಡಿಯೂ ನಿಂತಿತು, ಹಾರ್ನ್ ಸೌಂಡ್ ಎಲ್ಲ ಬಂದ್. ಈಗ ಶಾರ್ಟ್ ತೆಗೀಲಿಕ್ಕೆ ಎಂತ ಮಾಡ್ಬೇಕು? ಪಾಯಿಂಟ್ ತಿರುಗಿಸ್ಬೇಕು. ತಿರುಗಿಸ್ಲಿಕ್ಕೆ ಎಂತ ಬೇಕು? ಕರೆಂಟು. ಎಲ್ಲಿಂದ? ಅದೇ ಟ್ರಿಪ್ ಆದ ಬೂಸ್ಟರಿಂದ! ತೋಟದ ಪಂಪ್‌ಶೆಡ್ಡಲ್ಲಿ ಪಂಪಿಗೂ ಬಲ್ಬಿಗೂ ಒಂದೇ ಫ್ಯೂಸ್ ಇಟ್ಟ ಹಾಗೆ, ಫ್ಯೂಸ್ ಹೋದ ರಾತ್ರಿ ಫ್ಯೂಸ್ ಎಲ್ಲಿ ಉಂಟು ಅಂತ ನೋಡ್ಲಿಕ್ಕೆ ಬೆಳಕಿಲ್ಲ.

ಕೈಯಲ್ಲಿ ಇಂಜಿನ್ ಹಿಂದೆ ದೂಡಿದ್ರೆ ಆಯ್ತಲ್ಲ ಅಂತ ನೀವು ಹೇಳ್ಬಹುದು. ಮೇಜಿನ ಅಂಚಲ್ಲಿ ಆದ್ರೆ ಆಯ್ತು. ಆಚೆ ತುದಿಯಲ್ಲಿ, ತೆಂಗಿನ ಮರಗಳ ಮಧ್ಯೆ, ಪ್ಲಾಟ್‌ಫಾರಂ ಶೆಡ್ಡಿನ ಮೇಲಿಂದ ಕೈ ಚಾಚಿ ದೂಡುವಾಗ ಅಂಗಿಯ ತೋಳಿಗೆ ಸಿಕ್ಕಿ ಎಂತೆಂತ ಉದುರ್ತದೆ ಅಂತ ಮಾಡಿದವರಿಗೇ ಗೊತ್ತು.

ಪಾಯಿಂಟಿನ ಕರೆಂಟೂ ಕಮಾಂಡೂ ಬೇರೆ ಡಬ್ಬದಿಂದ ಬಂದ್ರೆ ಇದೇ ಜಾಗದಲ್ಲಿ ಕಥೆ ಬೇರೆ. ಹಳಿ ಸತ್ತಿದೆ, ಆದ್ರೆ ಪಾಯಿಂಟಿನ ಲೈನ್ ಜೀವಂತ ಉಂಟು. ಬಟನ್ ಒತ್ತಿದ್ರೆ ಪಾಯಿಂಟ್ ಲೂಪಿಗೆ ತಿರುಗ್ತದೆ. ಚಕ್ರ ನಿಂತದ್ದು ಫ್ರಾಗ್ ಮೇಲೆ, ಸರಿಯುವ ಬ್ಲೇಡ್ ಇನ್ನೂ ಮುಂದೆ ಉಂಟು, ಹಾಗಾಗಿ ತಿರುಗ್ಲಿಕ್ಕೆ ಅಡ್ಡಿ ಇಲ್ಲ. ತಿರುಗಿದ ಕೂಡ್ಲೆ ಫ್ರಾಗಿನ ಪೊಲಾರಿಟಿ ಸರಿ ಆಗ್ತದೆ, ಶಾರ್ಟ್ ಹೋಯ್ತು, ಬೂಸ್ಟರ್ ತನ್ನಷ್ಟಕ್ಕೆ ಮತ್ತೆ ಕರೆಂಟು ಕೊಡ್ತದೆ, ಗಾಡಿ ಎಂತದೂ ಆಗದ ಹಾಗೆ ಹೊರಡ್ತದೆ. ಯಾರೂ ಕೈ ಹಾಕ್ಲಿಲ್ಲ. ನನ್ನ ಮಟ್ಟಿಗೆ ಎರಡನೇ ಡಬ್ಬದ ಖರ್ಚು ಇಷ್ಟರಲ್ಲೇ ವಸೂಲು.

ನಮ್ಮ ಊರಲ್ಲಿ ಒಬ್ರು ಉಂಟು, ರೈಲ್ವೆಯ ಸಿಗ್ನಲ್ ಕಡೆ ಕೆಲಸ ಮಾಡಿ ರಿಟೈರ್ ಆದವರು. ಅವರಿಗೆ ಇದನ್ನು ದೊಡ್ಡ ಸಂಶೋಧನೆಯ ಹಾಗೆ ವಿವರಿಸ್ಲಿಕ್ಕೆ ಹೋದೆ. ಅವರು ನಗಾಡಿದ್ರು. "ಅಲ್ಲ ಮಾರಾಯ, ಇಂಜಿನ್ ಓಡಿಸುವವನ ಕೈಗೆ ಪಾಯಿಂಟ್ ಕೊಡುದು ಎಲ್ಲಿಯಾದ್ರೂ ಉಂಟಾ? ಪಾಯಿಂಟ್ ಸ್ಟೇಶನ್ ಮಾಸ್ಟ್ರ ಪ್ಯಾನಲ್ಲಲ್ಲಿ ಇರುದು. ಲೋಕೋ ಪೈಲಟ್ ಸಿಗ್ನಲ್ ನೋಡಿ ಹೋಗುದು ಅಷ್ಟೆ." ಆಮೇಲೆ ಇನ್ನೊಂದು ಹೇಳಿದ್ರು, ಅದು ನನ್ನ ತಲೆಯಲ್ಲಿ ಉಳಿಯಿತು. ಮೇಲಿನ ಲೈನಲ್ಲಿ ಇರುದು 25 ಸಾವಿರ ವೋಲ್ಟ್ ಎಸಿ, ಪಾಯಿಂಟ್ ಮೆಶಿನ್ ಓಡುದು 110 ವೋಲ್ಟ್ ಡಿಸಿಯಲ್ಲಿ, ಅದರ ಹಿಂದೆ ಬ್ಯಾಟ್ರಿ ಬ್ಯಾಂಕ್ ಉಂಟು, ಹಾಗಾಗಿ ಮೇಲಿನ ಲೈನ್ ಟ್ರಿಪ್ ಆಗಿ ಇಂಜಿನ್ ನಿಂತ್ರೂ ಪಾಯಿಂಟ್ ತಿರುಗ್ತದೆ. ದೊಡ್ಡ ರೈಲ್ವೆ ಯಾವತ್ತೋ ಬೇರೆ ಬೇರೆ ಇಟ್ಟದ್ದನ್ನು ನಾವು ಆಟಕ್ಕೆ ಸಣ್ಣದು ಮಾಡುವಾಗ ಒಟ್ಟಿಗೆ ಕಟ್ಟಿ ಹಾಕಿದ್ದೇವೆ ಅಂತ ಆಯ್ತು.

ಶಾರ್ಟ್ ಒಂದೇ ಕಾರಣ ಅಲ್ಲ. ಪಾಯಿಂಟ್ ಮೋಟರ್ ಯಾವ ಜಾತಿ ಅಂತ ನೋಡಿ. ಸೊಲೆನಾಯ್ಡ್ ಅಂದ್ರೆ ಕಾಯಿಲ್ ಇರುವ, ಪೀಕೋ ಕಂಪೆನಿಯದ್ದಂಥದ್ದು ಟಪ್ ಅಂತ ಹೊಡೆಯುವ ಆ ಒಂದು ಕ್ಷಣಕ್ಕೆ 3–4 ಆಂಪಿಯರ್ ಎಳೀತದೆ, ಅದಕ್ಕೇ ಕೆಪಾಸಿಟರಲ್ಲಿ ಕರೆಂಟು ತುಂಬಿಸಿಟ್ಟು ಒಮ್ಮೆಲೇ ಬಿಡುವ ಸರ್ಕ್ಯೂಟ್ ಹಾಕುದು. ಸಣ್ಣ ಕಂಟ್ರೋಲರಿನ ಒಟ್ಟು ಶಕ್ತಿಯೇ 2 ಅಥವಾ 3 ಆಂಪಿಯರ್ ಇರ್ತದೆ, ಅದರಲ್ಲಿ ಎಚ್‌ಓ ಇಂಜಿನ್ ಒಂದೊಂದು ಕಾಲು ಅರ್ಧ ಆಂಪಿಯರ್ ತಿಂತದೆ, ಸೌಂಡ್ ಇದ್ರೆ ಇನ್ನೂ ಸ್ವಲ್ಪ. ಸ್ವಿಚ್ ಹಾಕಿದ ಕೂಡ್ಲೆ ಎಲ್ಲ ಡಿಕೋಡರಿನ ಕೆಪಾಸಿಟರ್‌ಗಳೂ ಒಟ್ಟಿಗೆ ತುಂಬ್ಲಿಕ್ಕೆ ಹೊರಟ್ರೆ ಶಾರ್ಟೇ ಇಲ್ಲದೆ ಬೂಸ್ಟರ್ ಟ್ರಿಪ್ ಆಗುದೂ ಉಂಟು, ಆಗ ನೀವು ಹಳಿಯಲ್ಲಿ ಇಲ್ಲದ ಶಾರ್ಟ್ ಹುಡುಕ್ತಾ ಕೂರ್ಬೇಕು. ಟಾರ್ಟಾಯ್ಸ್‌ನಂಥ ನಿಧಾನ ಮೋಟರ್ ಆದ್ರೆ ಈ ತಲೆಬಿಸಿ ಇಲ್ಲ, ಅದು ತಿರುಗಿ ನಿಂತ ಮೇಲೆಯೂ 20 ಮಿಲಿಆಂಪಿಯರಿನ ಒಳಗೇ ಇರ್ತದೆ, ಆದ್ರೆ ರೇಟು ಕೇಳ್ಬೇಡಿ, ಇಲ್ಲಿಗೆ ತರಿಸುವಾಗ ಇಂಜಿನ್ನಿಗಿಂತ ಪಾಯಿಂಟೇ ದುಬಾರಿ ಅನ್ನಿಸ್ತದೆ. ನನ್ನದು ಎಲ್ಲ ಸರ್ವೋ, ಅಂದ್ರೆ ಹೇಳಿದಷ್ಟೇ ತಿರುಗಿ ನಿಲ್ಲುವ ಸಣ್ಣ ಮೋಟರ್, ಆರ್‌ಸಿ ವಿಮಾನಕ್ಕೆ ಹಾಕುವ ಎಸ್‌ಜಿ90, ಎಲ್ಲ ಕಡೆ ಸಿಗ್ತದೆ, ಹಾಳಾದ್ರೆ ಬೇಜಾರಿಲ್ಲ.

ಇನ್ನೊಂದು ಕಾರಣ ಜಾಸ್ತಿ ಜನ ಯೋಚನೆ ಮಾಡುದಿಲ್ಲ. ಇಂಜಿನ್ನಿಗೆ ಹೋಗುವ ಸ್ಪೀಡ್ ಮೆಸೇಜನ್ನು ಕಮಾಂಡ್ ಸ್ಟೇಶನ್ (ಅಂದ್ರೆ ಅದೇ ಡಿಜಿಟಲ್ ಕಂಟ್ರೋಲರ್ ಡಬ್ಬ) ಸುಮ್ನೆ ಹೇಳಿದ್ದನ್ನೇ ಹೇಳ್ತಾ ಇರ್ತದೆ, ಚಕ್ರದಲ್ಲಿ ಧೂಳಿದ್ದು ಒಂದು ತಪ್ಪಿದ್ರೂ ಮುಂದಿನದ್ದು ಸಿಗ್ತದೆ. ಪಾಯಿಂಟಿನ ಮೆಸೇಜ್ ಹಾಗಲ್ಲ, ಬಟನ್ ಒತ್ತಿದಾಗ ಕೆಲವು ಸಲ ಹೇಳಿ ಬಿಟ್ಟು ಬಿಡ್ತದೆ. ಅದೇ ಹೊತ್ತಿಗೆ ಎಲ್ಲೋ ಒಂದು ಗಾಡಿ ಹಳಿ ತಪ್ಪಿ ಶಾರ್ಟ್ ಆಗಿ ಲೈನ್ ಸತ್ತಿದ್ರೆ ಆ ಮಾತು ಹೋಯ್ತು ಅಂತಲೇ ಲೆಕ್ಕ, ಹ್ಯಾಂಡ್‌ಸೆಟ್ಟಿನ ಸ್ಕ್ರೀನಲ್ಲಿ ಪಾಯಿಂಟ್ ತಿರುಗಿದೆ ಅಂತ ತೋರಿಸ್ತದೆ, ಮೇಜಿನ ಮೇಲೆ ತಿರುಗ್ಲಿಲ್ಲ, ಮುಂದಿನ ಗಾಡಿ ಸೀದಾ ಗೂಡ್ಸ್ ಸೈಡಿಂಗಿಗೆ ನುಗ್ತದೆ. ಪ್ರೋಗ್ರಾಮಿಂಗ್ ವಿಷಯವೂ ಉಂಟು. ಕೆಲವು ಸಣ್ಣ ಸೆಟ್‌ಗಳಲ್ಲಿ ಪ್ರೋಗ್ರಾಮಿಂಗ್ ಟ್ರ್ಯಾಕಿಗೆ ಬೇರೆ ಔಟ್‌ಪುಟ್ ಇರುದಿಲ್ಲ, ಹೊಸ ಇಂಜಿನ್ನಿಗೆ ನಂಬರ್ ಬರೀಲಿಕ್ಕೆ ಹೋದ್ರೆ ಆ ಲೈನಲ್ಲಿ ಇರುವ ಎಲ್ಲ ಡಿಕೋಡರಿಗೂ ಅದು ಕೇಳ್ತದೆ. ಪಾಯಿಂಟ್ ಡಿಕೋಡರ್‌ಗಳು ಆ ಲೈನಲ್ಲೇ ಇಲ್ಲ ಅಂತ ಆದ್ರೆ ಅಷ್ಟು ನೆಮ್ಮದಿ.

ಹಾಗಾದ್ರೆ ಎರಡೆರಡು ದುಬಾರಿ ಕಮಾಂಡ್ ಸ್ಟೇಶನ್ ತಗೊಳ್ಬೇಕಾ? ಬೇಡ ಮಾರಾಯ್ರೆ. ರೈಲಿಗೆ ಮಾತ್ರ ರೆಡಿಮೇಡ್ ಇಟ್ಟಿದ್ದೇನೆ. ಪಾಯಿಂಟಿನ ಕಡೆಗೆ ಒಂದು ಆರ್ಡುಯಿನೋ ಮೆಗಾ (ನಾವೇ ಪ್ರೋಗ್ರಾಂ ಬರೆದು ಹಾಕುವ ಸಣ್ಣ ಕಂಪ್ಯೂಟರ್ ಬೋರ್ಡ್), ಅದರ ಮೇಲೆ ಲೈನಿಗೆ ಕರೆಂಟು ಕೊಡುವ ಮೋಟರ್ ಶೀಲ್ಡ್, ಅದಕ್ಕೆ ಡಿಸಿಸಿ‑ಇಎಕ್ಸ್ ಅಂತ ಪುಕ್ಕಟೆ ಸಿಗುವ ಸಾಫ್ಟ್‌ವೇರ್. ಮೊದಲು ಡಿಸಿಸಿ ಪ್ಲಸ್ ಪ್ಲಸ್ ಅಂತ ಇತ್ತಲ್ಲ, ಅದೇ ಬೆಳೆದು ಬಂದದ್ದು. ಆ ಶೀಲ್ಡ್ ಒಂದು ಚಾನೆಲ್ಲಿಗೆ 2 ಆಂಪಿಯರ್ ಕೊಡ್ತದೆ, ಪಾಯಿಂಟಿಗೆ ಬರೇ ಮಾತು ಮುಟ್ಟಿಸ್ಲಿಕ್ಕೆ ಅದು ಧಾರಾಳ ಸಾಕು, ಯಾಕೆಂದ್ರೆ ಸರ್ವೋಗಳಿಗೆ 5 ವೋಲ್ಟ್ ನಾನು ಬೇರೆಯೇ ಕೊಡುದು. ಡಿಕೋಡರ್‌ಗಳೂ ಮನೆಯಲ್ಲೇ ಮಾಡಿದ್ದು, ಆರ್ಡುಯಿನೋ ಊನೋ, 6ಎನ್137 ಅನ್ನುವ ಆಪ್ಟೋಕಪ್ಲರ್ (ಕರೆಂಟು ಮುಟ್ಟಿಸದೆ ಬೆಳಕಲ್ಲಿ ಸಿಗ್ನಲ್ ದಾಟಿಸುವ ಚಿಪ್), ಎನ್‌ಎಂಆರ್‌ಎ‑ಡಿಸಿಸಿ ಲೈಬ್ರರಿ ಅನ್ನುವ ರೆಡಿಮೇಡ್ ಕೋಡ್, ಇಷ್ಟು ಇದ್ರೆ ಡಿಸಿಸಿ ಲೈನಿನ ಮಾತು ಅದಕ್ಕೆ ಅರ್ಥ ಆಗ್ತದೆ. ಕಾಸರಗೋಡು ಪೇಟೆಯ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಆಪ್ಟೋಕಪ್ಲರ್ ಕೇಳಿದ್ರೆ ನಿಮ್ಮ ಮುಖ ನೋಡ್ತಾರೆ, ಮಂಗಳೂರಿಗೆ ಹೋಗ್ಬೇಕು ಅಥವಾ ಕೊರಿಯರ್.

ಇಷ್ಟೆಲ್ಲ ಆರ್ಡುಯಿನೋ ಇದ್ದ ಮೇಲೆ ಪಾಯಿಂಟಿಗೆ ಡಿಸಿಸಿಯೇ ಯಾಕೆ ಅಂತ ಕೇಳಿದ್ರೆ ಅದು ನ್ಯಾಯವಾದ ಪ್ರಶ್ನೆ. ಬೇಕಂತಿಲ್ಲ. ಪಿಸಿಎ9685 ಅಂತ ಹದಿನಾರು ಸರ್ವೋ ನಡೆಸುವ ಸಣ್ಣ ಬೋರ್ಡ್ ಉಂಟು, ಡಿಸಿಸಿ‑ಇಎಕ್ಸ್ ಅದಕ್ಕೆ ಸೀದಾ ಮಾತಾಡ್ತದೆ, ಮಧ್ಯದಲ್ಲಿ ಡಿಕೋಡರೇ ಬೇಡ. ಇಂಗ್ಲೆಂಡಿನ ಮರ್ಗ್‌ನವರ ಸಿಬಸ್, ಅಮೆರಿಕದ ಎಲ್‌ಸಿಸಿ ಇವೆಲ್ಲ ಹೆಚ್ಚಾಗಿ ಆಕ್ಸೆಸರಿಗೆ ಅಂತ ಮಾಡಿದ ಪದ್ಧತಿಗಳು, ಪಾಯಿಂಟ್ ನಿಜವಾಗಿ ತಿರುಗಿತಾ ಅಂತ ವಾಪಾಸು ಉತ್ತರವೂ ತರಿಸ್ಬಹುದು. ನಾನು ಡಿಸಿಸಿಯಲ್ಲೇ ನಿಂತದ್ದು ವಯರಿಂಗ್ ಸುಲಭ ಅಂತ ಮಾತ್ರ. ಮೇಜಿನ ಸುತ್ತ ಎರಡು ವಯರ್ ಎಳೆದಾಯ್ತು, ಬೇಕಾದಲ್ಲಿ ಚುಚ್ಚಿದ್ರಾಯ್ತು. ನಿಮಗೆ ಕೋಡ್ ಬರೆಯುವ ಹುಚ್ಚು ಇದ್ರೆ ಬೇರೆ ದಾರಿ ಹಿಡೀರಿ.

ಎರಡು ಡಬ್ಬ ಆದ್ರೆ ಎರಡು ರಿಮೋಟ್ ಹಿಡ್ಕೊಂಡು ಕೂರ್ಬೇಕಲ್ಲ ಅನ್ನುದು ಎಲ್ಲರ ಆಕ್ಷೇಪ. ಒಬ್ಬನೇ ಆಡುವವನಿಗೆ ಅದು ನಿಜವಾದ ಕಿರಿಕಿರಿ, ಇಲ್ಲ ಅಂತ ನಾನು ಹೇಳುದಿಲ್ಲ. ಅದಕ್ಕೆ ನನ್ನಲ್ಲಿ ಇರುದು ಜೆಎಂಆರ್‌ಐ, ಹಳೇ ಲ್ಯಾಪ್‌ಟಾಪಲ್ಲಿ ಓಡ್ತದೆ, ಅದೂ ಪುಕ್ಕಟೆ ಸಾಫ್ಟ್‌ವೇರ್. ಅದರಲ್ಲಿ ಎರಡು ಕನೆಕ್ಷನ್ ಸೇರಿಸಿ, ಥ್ರಾಟಲ್ ಅಂದ್ರೆ ಸ್ಪೀಡಿನ ಕಂಟ್ರೋಲ್ ಎಲ್ಲ ಮೊದಲನೇದಕ್ಕೆ, ಪಾಯಿಂಟ್ ಎಲ್ಲ ಎರಡನೇದಕ್ಕೆ ಅಂತ ಸೆಟ್ಟಿಂಗಲ್ಲಿ ಕೊಟ್ರೆ ಆಯ್ತು. ಆಮೇಲೆ ಮೊಬೈಲಲ್ಲಿ ಎಂಜಿನ್ ಡ್ರೈವರ್ ಆ್ಯಪ್ ಹಾಕ್ಕೊಂಡ್ರೆ ಅದೇ ಸ್ಕ್ರೀನಲ್ಲಿ ಸ್ಪೀಡೂ ಉಂಟು ಪಾಯಿಂಟೂ ಉಂಟು, ಯಾವುದು ಯಾವ ಡಬ್ಬಕ್ಕೆ ಹೋಗ್ತದೆ ಅಂತ ಓಡಿಸುವವನಿಗೆ ಗೊತ್ತೇ ಆಗುದಿಲ್ಲ. ಆದ್ರೆ ಮಕ್ಕಳು ಬಂದಾಗ ನಾನು ಬೇಕಂತಲೇ ಬೇರೆ ಮಾಡಿ ಕೊಡುದು, ಒಬ್ಬ ಲೋಕೋ ಪೈಲಟ್, ಇನ್ನೊಬ್ಬಳು ಸ್ಟೇಶನ್ ಮಾಸ್ಟ್ರು. ಮೊದಲ ಅರ್ಧ ಗಂಟೆ ಜಗಳ, "ಮಾವ, ಇವಳು ಲೈನ್ ಕೊಡುದೇ ಇಲ್ಲ!" ಅಂತ ಬೊಬ್ಬೆ. ಅವಳು ಅಷ್ಟೇ ಗಟ್ಟಿ, ಪರಶುರಾಮ ಎಕ್ಸ್‌ಪ್ರೆಸ್ ಹೋಗುವವರೆಗೆ ಗೂಡ್ಸ್ ಬಿಡುದಿಲ್ಲ ಅಂತ ಕೂತಿದ್ದಾಳೆ. ರೈಲ್ವೆ ನಡೆಯುದೇ ಹಾಗೆ.

ಜೋಡಿಸುವಾಗ ಒಂದು ವಿಷಯ ಮಾತ್ರ ತುಂಬ ಜಾಗ್ರತೆ. ಎರಡು ಕಮಾಂಡ್ ಸ್ಟೇಶನಿನ ಔಟ್‌ಪುಟ್ ಯಾವತ್ತೂ ಯಾವ ಜಾಗದಲ್ಲೂ ಒಂದಕ್ಕೊಂದು ಮುಟ್ಟಬಾರದು. ಎರಡರ ಸಿಗ್ನಲ್ ಒಂದೇ ತಾಳದಲ್ಲಿ ಇರುದಿಲ್ಲ, ಒಂದು ಪ್ಲಸ್ ಇರುವಾಗ ಇನ್ನೊಂದು ಮೈನಸ್ ಇರ್ತದೆ, ಸೇರಿದ್ರೆ ಒಂದು ಡಬ್ಬ ಅಥವಾ ಎರಡೂ ಹೋಗ್ತವೆ. ಆಕ್ಸೆಸರಿ ಲೈನನ್ನು ಹಳಿಯ ಹತ್ರವೂ ತರ್ಬೇಡಿ, ವಯರ್ ಉಳಿಸ್ಲಿಕ್ಕೆ ಅಂತ ಎರಡಕ್ಕೂ ಒಂದೇ ಕಾಮನ್ ಮಾಡುದು ಅಂತೂ ಬೇಡವೇ ಬೇಡ. ಎರಡೂ ಹತ್ರ ಬರುವ ಒಂದೇ ಜಾಗ ಅಂದ್ರೆ ಫ್ರಾಗ್. ಸರ್ವೋ ತಿರುಗುವಾಗ ಒಂದು ಮೈಕ್ರೋಸ್ವಿಚ್ ಒತ್ತುತ್ತದೆ, ಆ ಸ್ವಿಚ್ಚಿಗೆ ಬರುವ ಕರೆಂಟು ಹಳಿಯ ಲೈನಿಂದಲೇ ಬರ್ಬೇಕು, ಸರ್ವೋದ ಕರೆಂಟು ಆ ಕಡೆಯಿಂದ. ಒತ್ತುದು ಪ್ಲಾಸ್ಟಿಕ್ ಕೈ, ಕರೆಂಟಿಗೆ ಸಂಬಂಧ ಇಲ್ಲ. ನಾನು ಹಳಿಗೆ ಕೆಂಪು ಕಪ್ಪು, ಆಕ್ಸೆಸರಿಗೆ ಹಳದಿ ನೀಲಿ ಇಟ್ಟಿದ್ದೇನೆ, ಮನೆ ವಯರಿಂಗಿಗೆ ಹಾಕುವ ಒಂದೂವರೆ ಸ್ಕ್ವೇರ್ ಎಂಎಂ ವಯರೇ. ಅಂಗಡಿಯಲ್ಲಿ ಉಳಿದದ್ದು ಅಂತ ನಾಲ್ಕೂ ಕೆಂಪು ತಂದು ಆಮೇಲೆ ಟೇಪು ಸುತ್ತಿ ಗುರುತು ಮಾಡುವ ಬುದ್ಧಿವಂತಿಕೆ ಬೇಡ, ಇಲ್ಲಿಯ ಮಳೆಗಾಲದ ಥಂಡಿಗೆ ಆ ಟೇಪು ಓಣಂವರೆಗೂ ನಿಲ್ಲುದಿಲ್ಲ.

ಮಳೆಗಾಲ ಅಂದ ಮೇಲೆ ಕರೆಂಟು ಹೋಗುವ ಕಥೆ. ಆರ್ಡುಯಿನೋ ಸರ್ವೋಗಳಿಗೆ ಒಂದು ಚಾಳಿ, ಕರೆಂಟು ಬಂದ ಕೂಡ್ಲೆ ಒಮ್ಮೆ ಮೈ ಕೊಡವಿದ ಹಾಗೆ ಅಲ್ಲಾಡ್ತವೆ, ಪಾಯಿಂಟ್ ಮೇಲೆ ಗಾಡಿ ನಿಂತಿದ್ರೆ ಬೋಗಿ ಹಳಿ ತಪ್ಪುದು ಗ್ಯಾರಂಟಿ. ಸಿಗ್ನಲ್‌ನವರು ಹೇಳಿದ ಬ್ಯಾಟ್ರಿ ಬ್ಯಾಂಕ್ ಇಲ್ಲಿ ಉಪಯೋಗಕ್ಕೆ ಬಂತು. ಆಕ್ಸೆಸರಿ ಕಡೆ ಪೂರ್ತಿ 12 ವೋಲ್ಟಿನ ಬ್ಯಾಟ್ರಿ ಮತ್ತು ಚಾರ್ಜರಿನ ಮೇಲೆ ಓಡುದು, ಮನೆಯ ಕರೆಂಟು ಹತ್ತು ಸಲ ಹೋಗಿ ಬಂದ್ರೂ ಪಾಯಿಂಟ್‌ಗಳಿಗೆ ಸುದ್ದಿಯೇ ಮುಟ್ಟುದಿಲ್ಲ. ಒಂದೇ ಡಬ್ಬದಲ್ಲಿ ಇದನ್ನು ಮಾಡ್ಬೇಕಾದ್ರೆ ರೈಲೂ ಅದೇ ಬ್ಯಾಟ್ರಿಯಲ್ಲಿ ಓಡ್ಬೇಕಿತ್ತು. ಬ್ಯಾಟ್ರಿಯ ಬುಡದಲ್ಲೇ ಫ್ಯೂಸ್ ಹಾಕಿ, ಹಾಕದೆ ಮುಂದೆ ಹೋಗ್ಬೇಡಿ.

ಎಲ್ಲರಿಗೂ ಇದು ಬೇಕಾ ಅಂದ್ರೆ ಇಲ್ಲ. ಶೆಲ್ಫಿನ ಮೇಲೆ ಮೂರು ನಾಲ್ಕು ಪಾಯಿಂಟಿನ ಸಣ್ಣ ಶಂಟಿಂಗ್ ಯಾರ್ಡ್ ಆದ್ರೆ ಬೆರಳಲ್ಲೇ ತಿರುಗಿಸಿ, ಮೋಟರೇ ಬೇಡ. ಮಧ್ಯಮ ಗಾತ್ರದ್ದಾದ್ರೆ ಒಂದೇ ಕಮಾಂಡ್ ಸ್ಟೇಶನ್ ಇಟ್ಟು, ಹಳಿಗೆ ಹೋಗುವ ಕಡೆ ಮಾತ್ರ ಒಂದು ಸರ್ಕ್ಯೂಟ್ ಬ್ರೇಕರ್ ಹಾಕಿ, ಆ ಬ್ರೇಕರಿನ ಮೊದಲೇ ಆಕ್ಸೆಸರಿ ಲೈನ್ ಕವಲು ಮಾಡಿದ್ರೆ ಮುಕ್ಕಾಲು ಲಾಭ ಅಲ್ಲೇ ಸಿಗ್ತದೆ. ಒಂದೇ ಶರತ್ತು, ಶಾರ್ಟ್ ಆದಾಗ ಬ್ರೇಕರ್ ಮೊದಲು ಬೀಳ್ಬೇಕು, ಕಮಾಂಡ್ ಸ್ಟೇಶನ್ ಆಮೇಲೆ. ಅದು ಉಲ್ಟಾ ಆದ್ರೆ ಬ್ರೇಕರ್ ಇದ್ದೂ ಇಲ್ಲದ ಹಾಗೆ. ನನ್ನ ರೈಲಿನ ಡಬ್ಬ ಸಿಕ್ಕಾಪಟ್ಟೆ ಚುರುಕು, ಯಾವ ಬ್ರೇಕರಿಗೂ ಅವಕಾಶ ಕೊಡದೆ ತಾನೇ ಮೊದಲು ಬೀಳ್ತದೆ, ಪೂರ್ತಿ ಬೇರೆ ಮಾಡ್ಲಿಕ್ಕೆ ಅದೂ ಒಂದು ಕಾರಣ.

ಈಗ ಬಾಕಿ ಇರುದು ಸಿಗ್ನಲ್. ಅದೂ ಹಳದಿ ನೀಲಿ ವಯರಿಗೇ ಬರ್ತದೆ, ರೈಲಿನ ಡಬ್ಬ ಮುಟ್ಟುವ ಕೆಲಸ ಇಲ್ಲ. ಕೆಂಪು, ಹಳದಿ, ಎರಡು ಹಳದಿ, ಹಸಿರು, ನಾಲ್ಕು ಆಸ್ಪೆಕ್ಟ್ ಹಾಕುವ ಅಂತ ನನ್ನ ಪ್ಲಾನ್. ರಿಟೈರ್ಡ್ ಸಿಗ್ನಲ್‌ನವರಿಗೆ ಅದು ಒಪ್ಪಿಗೆಯೇ ಇಲ್ಲ, ಸಿಂಗಲ್ ಲೈನಿನ ಹಳೇ ಕುಂಬಳೆ ಅಂತ ಹೇಳಿ ನಾಲ್ಕು ಆಸ್ಪೆಕ್ಟ್ ಹಾಕಿದ್ರೆ ನಾನು ಈ ಮೆಟ್ಟಿಲು ಹತ್ತುದಿಲ್ಲ, ತೋಳು ಏಳುವ ಬೀಳುವ ಹಳೇ ಕೈಕಂಬ ಸಿಗ್ನಲ್ ಮಾಡು, ಅದಕ್ಕೂ ಸರ್ವೋ ಸಾಕಲ್ಲ ಅಂತ ಹೇಳಿ ಹೋಗಿದ್ದಾರೆ. ಸರ್ವೋ ಸಾಕು, ಅದು ಹೌದು. ಕೈಕಂಬದ ತೋಳು ಬೀಳುವಾಗ ಸ್ವಲ್ಪ ಪುಟಿದು ನಿಲ್ಬೇಕಲ್ಲ, ಅದನ್ನು ಕೋಡಲ್ಲಿ ಬರೀಲಿಕ್ಕೆ ಆಗ್ತದಾ ಅಂತ ನೋಡ್ತಾ ಇದ್ದೇನೆ.